ಸೇವಕನ ಮನಸ್ಸನ್ನು ಯಾರು ಓದಬೇಕು?



1939ರ ಜೂನ್ 12ರಂದು ಬ್ರೆಮೆನ್ ಎಂಬ ಹಡಗಿನಿಂದ ನ್ಯೂಯಾರ್ಕಿನಲ್ಲಿ ಇಳಿದವರಲ್ಲಿ ಮೂವತ್ತಮೂರು ವರ್ಷದ ಒಬ್ಬ ಜರ್ಮನ್ ಪಾದ್ರಿ ಇದ್ದರು. ಹೆಸರು ಡೀಟ್ರಿಷ್ ಬಾನ್‌ಹೋಫರ್. ರೈನ್‌ಹೋಲ್ಡ್ ನೀಬೂರ್, ಪಾಲ್ ಲೇಮನ್ ಮುಂತಾದ ಗೆಳೆಯರು ಓಡಾಡಿ ಅವರನ್ನು ಕರೆಸಿಕೊಂಡಿದ್ದರು. 1906ರಲ್ಲಿ ಹುಟ್ಟಿದವರಿಗೆ ಹಿಟ್ಲರನ ಸೈನ್ಯದಿಂದ ಕರೆ ಬರುವುದಿತ್ತು. ಬಂದೂಕು ಹಿಡಿಯಲಾರೆ ಎಂದರೆ ಬಾನ್‌ಹೋಫರರ ತಲೆಗೆ ಮಾತ್ರವಲ್ಲ, ನಾಜಿಗಳಿಗೆ ಮಣಿಯದೆ ನಿಂತಿದ್ದ ಕನ್‌ಫೆಸಿಂಗ್ ಚರ್ಚಿಗೂ ಕುತ್ತು. ನ್ಯೂಯಾರ್ಕಿನಲ್ಲಿ ಕೆಲಸ ಸಿದ್ಧವಾಗಿತ್ತು: ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ನಿರಾಶ್ರಿತರ ನಡುವೆ ಪಾಲನಾ ಸೇವೆ. ಯಾರೂ ಬೆರಳು ತೋರಿಸಲಾಗದ, ನಿಜವಾಗಿಯೂ ಜರೂರಾದ ಕೆಲಸ. ಆದರೆ ಅದನ್ನು ಒಪ್ಪಿಕೊಂಡರೆ ನಾಜಿ ಆಡಳಿತ ಇರುವವರೆಗೆ ಊರಿಗೆ ಮರಳುವ ದಾರಿ ಮುಚ್ಚಿದಂತೆಯೇ.

ಬಂದ ಮರುದಿನ ಅವರನ್ನು ಯೂನಿಯನ್ ಸೆಮಿನರಿಯ ಅಧ್ಯಕ್ಷ ಕಾಫಿನ್ ಅವರು ಕನೆಕ್ಟಿಕಟ್‌ನ ತಮ್ಮ ಹಳ್ಳಿಮನೆಗೆ ಕರೆದೊಯ್ದರು. ಸಂಜೆ ತೋಟದ ತುಂಬ ಮಿಂಚುಹುಳುಗಳು. ಬಾನ್‌ಹೋಫರ್ ಅವನ್ನು ಅದುವರೆಗೆ ಕಂಡಿರಲಿಲ್ಲ. ಬೆರಗಾಗಿ ಡೈರಿಯಲ್ಲಿ ಬರೆದಿಟ್ಟರು. ಬೆಳಗಿನ ಪ್ರಾರ್ಥನೆಯಲ್ಲಿ ಜರ್ಮನಿಯ ಸಹೋದರರನ್ನು ನೆನೆದದ್ದು ಕೇಳಿ ಗಂಟಲು ಕಟ್ಟಿತೆಂಬುದೂ ಅದೇ ಡೈರಿಯಲ್ಲಿದೆ. ಮುಂದಿನ ದಿನಗಳಲ್ಲಿ ಊರಿನ ಸುದ್ದಿಗಾಗಿ ಕಾದರು, ಕಾಗದ ಬಾರದೆ ತಳಮಳಿಸಿದರು. ಜೂನ್ 20ರಂದು ಕೆಲಸ ಕೊಡಬೇಕಿದ್ದ ಹೆನ್ರಿ ಲೈಪರ್ ಅವರನ್ನು ಕಂಡು, ನನ್ನಿಂದಾಗದು ಎಂದು ಹೇಳಿಬಂದರು.

ನಾವು ಇವತ್ತು ನೋಡಬೇಕಾದ್ದು ಆ ದಿನದ ಡೈರಿಯನ್ನು. ದೊಡ್ಡ ತ್ಯಾಗದ ನಿರ್ಧಾರ ಮಾಡಿಬಂದ ಮನುಷ್ಯ ತನ್ನನ್ನು ತಾನು ಹೊಗಳಿಕೊಂಡಿರಬಹುದು, ಕಡೇಪಕ್ಷ ಸಮಾಧಾನಪಟ್ಟುಕೊಂಡಿರಬಹುದು ಎಂದುಕೊಂಡು ಓದಿದರೆ ಅಲ್ಲಿ ಅದಾವುದೂ ಇಲ್ಲ. ಯಾವ ನಿರ್ಧಾರದಲ್ಲೂ ನನಗೆ ನನ್ನ ಪ್ರೇರಣೆ ಪೂರ್ತಿ ತಿಳಿಯುವುದೇ ಇಲ್ಲವಲ್ಲ ಎಂದು ಅವರು ಆಶ್ಚರ್ಯಪಡುತ್ತಾರೆ. ಇದು ಗೊಂದಲವೇ? ಒಳಗಿನ ಅಪ್ರಾಮಾಣಿಕತೆಯೇ? ನಮ್ಮ ಅರಿವಿಗೆ ಮೀರಿದ ಕೈಯೊಂದು ನಮ್ಮನ್ನು ನಡೆಸುತ್ತದೆ ಎಂಬುದರ ಗುರುತೇ? ಅಥವಾ ಎರಡೂ ಇರಬಹುದೇ? ಉತ್ತರ ಕೊಟ್ಟುಕೊಳ್ಳುವುದಿಲ್ಲ. ಹೊರಗಿನವರಿಗೆ ಹೇಳುವ ಕಾರಣಗಳೂ ತನಗೆ ತಾನೇ ಹೇಳಿಕೊಳ್ಳುವ ಕಾರಣಗಳೂ ಸಾಲವು ಎಂದು ಒಪ್ಪಿಕೊಂಡು, ಆ ದಿನಕ್ಕೆ ದೇವರು ಕರುಣೆಯಿಂದ ತೀರ್ಪು ಕೊಡಲಿ ಎಂದು ಬೇಡಿ ಮುಗಿಸುತ್ತಾರೆ. ಕೆಲವು ದಿನಗಳ ಮೇಲೆ, ಪೌಲರು ತಿಮೊಥೆಯನಿಗೆ ಚಳಿಗಾಲಕ್ಕೆ ಮುಂಚೆ ಬಾ ಎಂದು ಬರೆದ ಮಾತು ಅವರ ಬೆನ್ನುಹತ್ತಿತು. ಜುಲೈ ಮೊದಲ ವಾರ ದಾಟುತ್ತಲೇ ಹಡಗು ಹತ್ತಿದರು, 27ಕ್ಕೆ ಬರ್ಲಿನ್‌ನಲ್ಲಿದ್ದರು. ಸೆಪ್ಟೆಂಬರ್ 1ಕ್ಕೆ ಯುದ್ಧ. 1943ರ ಏಪ್ರಿಲ್ 5ರಂದು ಬಂಧನ, 1945ರ ಏಪ್ರಿಲ್ 9ರಂದು ಫ್ಲಾಸನ್‌ಬ್ಯೂರ್ಗ್ ಶಿಬಿರದಲ್ಲಿ ನೇಣು.

ಹುತಾತ್ಮರ ಪಟ್ಟಿಗೆ ಸೇರಿದ ಮೇಲೆ ಅವರ ನಿರ್ಧಾರದಲ್ಲಿ ನಮಗೆ ಹೊಳಪು ಮಾತ್ರ ಕಾಣುತ್ತದೆ. ಅವರಿಗೆ ಆ ಹೊತ್ತಿನಲ್ಲಿ ಕಂಡದ್ದು ಮಸುಕು. ಮನೆಯ ಹಂಬಲವೋ, ಗೆಳೆಯರನ್ನು ಬಿಟ್ಟು ಬಂದ ನಾಚಿಕೆಯೋ, ದೇವರ ಕರೆಯೋ ಎಂದು ಬೇರ್ಪಡಿಸಲಾಗದೆಯೇ ಅವರು ಹಡಗು ಹತ್ತಿದರು. ಉದ್ದೇಶ ಶುದ್ಧವೆಂದು ಖಾತ್ರಿಯಾದ ಮೇಲೆ ಹೊರಡುತ್ತೇನೆ ಎಂದು ಕಾದಿದ್ದರೆ ಯುದ್ಧ ಮುಗಿಯುವವರೆಗೂ ನ್ಯೂಯಾರ್ಕಿನಲ್ಲೇ ಇರಬೇಕಾಗುತ್ತಿತ್ತು.

ಸೇವಕ ನಾಯಕತ್ವದ ಬಗ್ಗೆ ನಾವು ನಡೆಸುವ ಶಿಬಿರಗಳಲ್ಲಿ ಒಂದು ಉಪದೇಶ ತಪ್ಪದೆ ಬರುತ್ತದೆ: ನಿನ್ನ ಉದ್ದೇಶವನ್ನು ಪರೀಕ್ಷಿಸಿಕೋ. ಒಳ್ಳೆಯ ಉಪದೇಶವೇ. ಆದರೆ ಮೊಣಕಾಲೂರಿ ಕಣ್ಣು ಮುಚ್ಚಿ ಒಳಗೆ ನೋಡಿಕೊಂಡರೆ ಎಲ್ಲ ಕಂಡುಬಿಡುತ್ತದೆ ಎಂಬ ನಂಬಿಕೆ ಅದರ ಜೊತೆಗೇ ಬರುತ್ತದೆ. ಆ ನಂಬಿಕೆಯನ್ನು ನಾನು ಇಂದು ಪ್ರಶ್ನಿಸಬೇಕೆಂದಿದ್ದೇನೆ. ಅಪೊಸ್ತಲ ಪೌಲರಿಗೂ ಆ ನಂಬಿಕೆ ಇರಲಿಲ್ಲ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ನಾಲ್ಕನೆಯ ಅಧ್ಯಾಯದಲ್ಲಿ ಅವರು ತಮ್ಮ ವಿಚಾರದಲ್ಲಿ ತಾವೇ ತೀರ್ಪು ಕೊಡಲು ಒಪ್ಪುವುದಿಲ್ಲ. ಒಳಗೆ ದೋಷವೇನೂ ತೋರದಿದ್ದರೂ ಅದರಿಂದ ನಿರ್ದೋಷಿಯಾಗಲಾರೆ ಎನ್ನುತ್ತಾರೆ. ಫಿಲಿಪ್ಪಿಯವರಿಗೆ ಬರೆಯುವಾಗ ಇನ್ನೂ ದೂರ ಹೋಗುತ್ತಾರೆ: ಹೊಟ್ಟೆಕಿಚ್ಚಿನಿಂದ, ಪೈಪೋಟಿಯಿಂದ ಸುವಾರ್ತೆ ಸಾರುವವರೂ ಇದ್ದಾರೆಂದು ತಿಳಿದೇ, ಕ್ರಿಸ್ತನ ಹೆಸರು ಸಾರಲ್ಪಡುತ್ತಿದೆಯಲ್ಲ ಎಂದು ಸಂತೋಷಪಡುತ್ತಾರೆ. ಸೆರೆಯಲ್ಲಿ ಕುಳಿತು ಬರೆದ ಮಾತು ಎಂಬುದನ್ನು ಮರೆಯಬಾರದು. ಆ ಪೈಪೋಟಿಯಿಂದ ನೋಯುತ್ತಿದ್ದವರು ಅವರೇ.

ಇನ್ನು ಮಾರ್ಕನ ಸುವಾರ್ತೆಯ ಹತ್ತನೆಯ ಅಧ್ಯಾಯ. ಜೆಬೆದಾಯನ ಮಕ್ಕಳಾದ ಯಾಕೋಬ, ಯೋಹಾನ ಬಂದು ಬಲಗಡೆಯ, ಎಡಗಡೆಯ ಪೀಠಗಳನ್ನು ಕೇಳುತ್ತಾರೆ. ಮತ್ತಾಯನ ಸುವಾರ್ತೆಯಲ್ಲಿ ಅವರ ತಾಯಿಯೂ ಕೂಡಿಕೊಂಡಿದ್ದಾಳೆ. ಮಕ್ಕಳ ಪರವಾಗಿ ದೊಡ್ಡವರ ಮುಂದೆ ಕೈಮುಗಿದು ನಿಲ್ಲುವ ತಾಯಿ ನಮಗೇನೂ ಅಪರಿಚಿತಳಲ್ಲ. ಈ ಭಾಗದ ಮೇಲಿನ ಪ್ರಸಂಗಗಳಲ್ಲಿ ಅಣ್ಣತಮ್ಮಂದಿರಿಗೆ ಬೈಗುಳ ತಪ್ಪಿದ್ದಲ್ಲ. ಉಳಿದ ಹತ್ತು ಮಂದಿ ಯಾಕೆ ಸಿಟ್ಟಾದರು ಎಂದು ಯಾರೂ ಕೇಳುವುದಿಲ್ಲ. ಆ ಪೀಠಗಳ ಮೇಲೆ ಅವರಿಗೂ ಕಣ್ಣಿತ್ತು. ಲೂಕನು ಈ ಜಗಳವನ್ನು ಕಡೆಯ ಭೋಜನದ ಪಂಕ್ತಿಗೇ ತಂದಿಡುತ್ತಾನೆ: ರೊಟ್ಟಿ ಮುರಿದಾಗಿದೆ, ಪಾತ್ರೆ ಕೈಯಿಂದ ಕೈಗೆ ಹೋಗಿದೆ, ಶಿಷ್ಯರು ನಮ್ಮಲ್ಲಿ ದೊಡ್ಡವನು ಯಾರು ಎಂದು ವಾದಿಸುತ್ತಿದ್ದಾರೆ.

ಯೇಸುಸ್ವಾಮಿ ಆ ಇಬ್ಬರಿಗೆ ಮೊದಲು ಕೇಳಿದ್ದು, ನಾನು ನಿಮಗೆ ಏನು ಮಾಡಬೇಕೆಂದು ಬಯಸುತ್ತೀರಿ ಎಂದು. ಅದೇ ಅಧ್ಯಾಯದ ಕೊನೆಯಲ್ಲಿ ಯೆರಿಕೋವಿನ ದಾರಿಬದಿಯಲ್ಲಿ ಕುಳಿತಿದ್ದ ಕುರುಡ ಬಾರ್ತಿಮಾಯನಿಗೂ ಹೆಚ್ಚುಕಡಿಮೆ ಅದೇ ಪ್ರಶ್ನೆ. ಅವನು ಕೇಳಿದ್ದು ಕಣ್ಣು. ಮಾರ್ಕನು ಇವೆರಡನ್ನು ಅಕ್ಕಪಕ್ಕ ಇಟ್ಟದ್ದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ. ಅಣ್ಣತಮ್ಮಂದಿರಿಗೆ ತಮಗೇನು ಬೇಕೆಂದು ಚೆನ್ನಾಗಿ ಗೊತ್ತು ಎಂಬ ಭರವಸೆ ಇತ್ತು. ತನಗೆ ಕಾಣುವುದಿಲ್ಲ ಎಂದು ಗೊತ್ತಿದ್ದವನು ಭಿಕ್ಷುಕನೊಬ್ಬನೇ. ಆದರೂ ಸ್ವಾಮಿ ಆ ಇಬ್ಬರನ್ನು ಗುಂಪಿನಿಂದ ಹೊರಗೆ ಹಾಕಲಿಲ್ಲ. ಅವರ ಆಸೆಯನ್ನು ಬಾಯಿಬಿಟ್ಟು ಹೇಳಿಸಿದರು, ಹನ್ನೆರಡು ಮಂದಿಯ ನಡುವೆ ಅದನ್ನು ಎತ್ತಿಟ್ಟು ಮಾತಾಡಿದರು. ಒಳಗೇ ಕೊಳೆಯಬಹುದಾಗಿದ್ದ ಒಂದು ಆಸೆಯನ್ನು ನಾಲ್ವರ ಮುಂದೆ ತಂದದ್ದೇ ಅಲ್ಲಿ ನಡೆದ ಚಿಕಿತ್ಸೆ.

ಪವಿತ್ರ ಗುರುವಾರದಂದು ಕಾಲು ತೊಳೆಯುವ ಆರಾಧನೆಯನ್ನು ನೀವೆಲ್ಲ ನೋಡಿದ್ದೀರಿ. ಕಥೋಲಿಕ ಚರ್ಚುಗಳಲ್ಲಿ ಇದು ಹಳೆಯ ವಾಡಿಕೆ, ನಮ್ಮ ಕೆಲವು ಸಭೆಗಳಲ್ಲೂ ಉಂಟು. ಮುಂದಿನ ಬೆಂಚಿನಲ್ಲಿ ಹನ್ನೆರಡು ಮಂದಿ. ಬಂದವರೆಲ್ಲ ಮನೆಯಲ್ಲೇ ಸೋಪು ಹಾಕಿ ಕಾಲು ತೊಳೆದುಕೊಂಡು, ಉಗುರು ಕತ್ತರಿಸಿಕೊಂಡು ಬಂದಿರುತ್ತಾರೆ. ಅಯ್ಯನವರು ನಿಲುವಂಗಿ ಮಡಚಿಟ್ಟು ಸೊಂಟಕ್ಕೆ ಟವೆಲ್ ಕಟ್ಟುತ್ತಾರೆ. ಒಬ್ಬ ಹುಡುಗ ಬೋಗುಣಿ ಹಿಡಿದರೆ ಇನ್ನೊಬ್ಬ ಚೊಂಬಿನಿಂದ ನೀರು ಹೊಯ್ಯುತ್ತಾನೆ. ಬಲಗಾಲಿಗೆ ಮಾತ್ರ, ಹೆಬ್ಬೆರಳು ನೆನೆಯುವಷ್ಟು. ಫೋಟೋ ತೆಗೆಯುವವರು ಬದಿಯಲ್ಲಿ ನಿಂತಿರುತ್ತಾರೆ. ಈ ವಿಧಿಯನ್ನು ನಾನು ಹಗುರಾಗಿ ಕಾಣುತ್ತಿಲ್ಲ. ಗುರುಹಿರಿಯರ ಪಾದ ತೊಳೆಯುವುದೇ ಪದ್ಧತಿಯಾಗಿರುವ ನಾಡಿನಲ್ಲಿ, ಜಾತಿ ನೋಡಿ ನೀರು ಮುಟ್ಟುವ ನೆನಪು ಇನ್ನೂ ಹಸಿಯಾಗಿರುವ ನಾಡಿನಲ್ಲಿ, ಗುರುವೇ ಬಾಗಿ ಕೂಲಿಯವರೊಬ್ಬರ ಕಾಲು ಮುಟ್ಟುವುದು ಸಣ್ಣ ಸಂಗತಿಯಲ್ಲ. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ, ಇಬ್ಬರು ಹುಡುಗಿಯರೂ ಸೇರಿ ಹನ್ನೆರಡು ಮಂದಿಯ ಕಾಲು ತೊಳೆದಾಗ ಲೋಕವೇ ತಿರುಗಿ ನೋಡಿದ್ದು ಸುಮ್ಮನೆ ಅಲ್ಲ.

ಆದರೆ ಯೋಹಾನನ ಹದಿಮೂರನೆಯ ಅಧ್ಯಾಯದಲ್ಲಿ ನಾವು ವಿಧಿಗೆ ತಂದುಕೊಳ್ಳದ ಒಂದು ಭಾಗವಿದೆ. ಪೇತ್ರನು ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ನಾನು ತೊಳೆಯದಿದ್ದರೆ ನಿನಗೆ ನನ್ನಲ್ಲಿ ಪಾಲಿಲ್ಲ ಎಂದು ಸ್ವಾಮಿ ಎಚ್ಚರಿಸಬೇಕಾಗುತ್ತದೆ. ಮುಂದೆ ಸಭೆಯ ನಾಯಕನಾಗಬೇಕಾದವನು ಮೊದಲು ಕಲಿಯಬೇಕಾಗಿದ್ದದ್ದು ತೊಳೆಸಿಕೊಳ್ಳುವುದನ್ನು. ನಮ್ಮ ಆರಾಧನೆಯಲ್ಲಿ ಅಯ್ಯನವರ ಕಾಲನ್ನು ಯಾರೂ ತೊಳೆಯುವುದಿಲ್ಲ. ಇಡೀ ವರ್ಷವೂ ಹಾಗೆಯೇ: ಸಾಂತ್ವನ ಹೇಳುವವರು ಅವರು, ಪ್ರಾರ್ಥಿಸುವವರು ಅವರು, ಬುದ್ಧಿ ಹೇಳುವವರು ಅವರು. ಕೊಡುವ ಕೈ ಯಾವಾಗಲೂ ಮೇಲೇ ಇದ್ದರೆ ಅದು ಸೇವೆಯ ಹೆಸರಿನ ಒಡೆತನವಾಗಿ ಹೋದದ್ದು ಕೊಡುವವರಿಗೇ ತಿಳಿಯುವುದಿಲ್ಲ. ನನ್ನ ಪ್ರೇರಣೆ ಎಂಥದೆಂದು ತಿಳಿಯಬೇಕಾದರೆ, ಅಯ್ಯನವರೆ ಇವತ್ತು ನಿಮಗಾಗಿ ನಾವು ಪ್ರಾರ್ಥಿಸುತ್ತೇವೆ ಎಂದು ಸ್ತ್ರೀ ಸಮಾಜದ ಒಬ್ಬ ತಾಯಿ ಎದ್ದು ನಿಂತಾಗ ನನ್ನೊಳಗೆ ಏನಾಗುತ್ತದೆ ಎಂಬುದನ್ನು ಗಮನಿಸಿದರೆ ಸಾಕು.

ಮನಸ್ಸು ತನ್ನ ವಿಷಯದಲ್ಲಿ ತನಗೇ ಸುಳ್ಳು ಹೇಳಿಕೊಳ್ಳುತ್ತದೆ ಎಂಬುದನ್ನು ಮಹಾ ಗ್ರೆಗರಿ ಸುಮಾರು 590ರಲ್ಲಿ ಬರೆದ ಪಾಲನಾ ನಿಯಮದ ಪುಸ್ತಕದಲ್ಲೇ ಹೇಳಿದರು. ದೇವರ ಸೇವಕರ ಸೇವಕ ಎಂಬ ಬಿರುದನ್ನು ಬಳಕೆಗೆ ತಂದ ಪೋಪ್ ಅವರೇ. ಅಧಿಕಾರಕ್ಕೆ ಆಸೆಪಡುವವನು, ಆ ಸ್ಥಾನ ಸಿಕ್ಕರೆ ಇಂಥಿಂಥ ಒಳ್ಳೆಯ ಕೆಲಸ ಮಾಡುತ್ತೇನೆ ಎಂದು ತನಗೆ ತಾನೇ ಕಥೆ ಕಟ್ಟಿಕೊಳ್ಳುತ್ತಾನೆ. ತಳದಲ್ಲಿ ಬೇರೆಯೇ ಹಸಿವು ಇರುತ್ತದೆ ಎಂಬುದು ಅವರ ಎಚ್ಚರಿಕೆ. ಅದಕ್ಕೆ ಅವರು ಹೇಳುವ ಪರೀಕ್ಷೆ ಬಹಳ ಲೌಕಿಕವಾದದ್ದು, ಅದಕ್ಕೇ ನನಗೆ ಇಷ್ಟ. ಮುಂದೆ ಏನು ಮಾಡುತ್ತೇನೆ ಎಂದು ಕೇಳಿಕೊಳ್ಳಬೇಡ, ಸಣ್ಣ ಸ್ಥಾನದಲ್ಲಿದ್ದಾಗ ಏನು ಮಾಡಿದೆ ಎಂದು ನೋಡಿಕೋ. ಬಿಷಪ್ ಆದರೆ ಬಡಸಭೆಗಳನ್ನು ಎತ್ತುತ್ತೇನೆ ಎನ್ನುವವರು, ಹಳ್ಳಿಯ ಸಭೆಯಲ್ಲಿದ್ದ ಮೂರು ವರ್ಷ ಎಷ್ಟು ಮನೆಗಳ ಹೊಸ್ತಿಲು ದಾಟಿದ್ದರು? ಡಯಾಸಿಸ್ ಚುನಾವಣೆಯ ಕಾಲದಲ್ಲಿ ಈ ಒಂದು ಪ್ರಶ್ನೆಯನ್ನು ಮತದಾರರು ಇಟ್ಟುಕೊಂಡರೆ ಅನೇಕ ಕರಪತ್ರಗಳು ಬೇಕಾಗಲಿಕ್ಕಿಲ್ಲ.

ಸೇವಕ ನಾಯಕತ್ವ ಎಂಬ ಮಾತನ್ನು ನಮ್ಮ ಕಾಲದಲ್ಲಿ ಚಾಲ್ತಿಗೆ ತಂದ ರಾಬರ್ಟ್ ಗ್ರೀನ್‌ಲೀಫ್ ಪಾದ್ರಿಯಲ್ಲ. ಎ.ಟಿ. ಆ್ಯಂಡ್ ಟಿ. ಎಂಬ ಅಮೆರಿಕದ ಟೆಲಿಫೋನ್ ಕಂಪನಿಯಲ್ಲಿ ದಶಕಗಳ ಕಾಲ ದುಡಿದ ಕ್ವೇಕರ್ ಪಂಥದವರು. 1970ರ ಅವರ ಪ್ರಬಂಧ ಕೊಡುವ ಪರೀಕ್ಷೆಯೂ ಸೇವೆ ಮಾಡಿದವನ ಎದೆಗೆ ಕಿವಿ ಇಡುವುದಿಲ್ಲ. ಸೇವೆ ಪಡೆದವರು ಬೆಳೆದರೇ, ಹೆಚ್ಚು ಸ್ವತಂತ್ರರಾದರೇ ಎಂದು ಕೇಳುತ್ತದೆ. ಬಹಳ ಹಿಂದೆಯೇ ನಮ್ಮ ನೆಲದ ಶರಣರು ಸೇವಕನಾಗಿ ಬಾಳುವ ಭೃತ್ಯಾಚಾರವನ್ನು ಪಂಚಾಚಾರಗಳಲ್ಲಿ ಸೇರಿಸಿ, ಅದನ್ನು ಭಾವನೆಯಾಗಿ ಬಿಡದೆ ನಡೆಯುವ ನಡೆಯಾಗಿ ಇಟ್ಟದ್ದೂ ನೆನಪಾಗುತ್ತದೆ.

ಈಗ ಹೇಳಲೇಬೇಕಾದ, ಹೇಳಲು ನೋವಾಗುವ ಒಂದು ವಿಚಾರ. 1964ರಲ್ಲಿ ಫ್ರಾನ್ಸಿನ ಟ್ರೋಲಿ-ಬ್ರೂಯ್ ಎಂಬ ಹಳ್ಳಿಯಲ್ಲಿ ಜಾನ್ ವನ್ಯೇ ಎಂಬ ಕೆನಡಾದವರು, ಬುದ್ಧಿಮಾಂದ್ಯರ ಸಂಸ್ಥೆಯೊಂದರಲ್ಲಿದ್ದ ಇಬ್ಬರನ್ನು ಕರೆತಂದು ಒಂದೇ ಮನೆಯಲ್ಲಿ ಅವರೊಂದಿಗೆ ಬಾಳತೊಡಗಿದರು. ಅವರ ತಂದೆ ಕೆನಡಾದ ಗವರ್ನರ್ ಜನರಲ್ ಆಗಿದ್ದವರು; ಮಗ ನೌಕಾಪಡೆ ಬಿಟ್ಟು, ತತ್ವಶಾಸ್ತ್ರ ಓದಿ, ಅಡಿಗೆ ಮಾಡಿ, ಪಾತ್ರೆ ತೊಳೆದು ಬದುಕುವ ದಾರಿ ಹಿಡಿದರು. ಅಲ್ಲಿಂದ ಲಾರ್ಷ್ ಎಂಬ ಕುಟುಂಬ ಬೆಳೆದು ಹಲವು ದೇಶಗಳಿಗೆ ಹಬ್ಬಿತು. ಭಾರತದಲ್ಲಿ ಅದು ಮೊದಲು ಬೇರೂರಿದ್ದು ನಮ್ಮ ಬೆಂಗಳೂರಿನಲ್ಲಿ, 1970ರಲ್ಲಿ, ಆಶಾ ನಿಕೇತನ ಎಂಬ ಹೆಸರಿನಲ್ಲಿ. 2015ರಲ್ಲಿ ವನ್ಯೇ ಅವರಿಗೆ ಟೆಂಪಲ್‌ಟನ್ ಪ್ರಶಸ್ತಿ ಬಂತು. ಸೇವಕ ನಾಯಕತ್ವಕ್ಕೆ ಉದಾಹರಣೆ ಕೊಡಿ ಎಂದರೆ ಲೋಕದಾದ್ಯಂತ ಸೆಮಿನರಿಗಳಲ್ಲಿ ಅವರ ಹೆಸರು ಬರುತ್ತಿತ್ತು. 2019ರ ಮೇ 7ರಂದು ತೀರಿಕೊಂಡಾಗ ಸಂತರೊಬ್ಬರು ಹೋದರು ಎಂದೇ ಜನ ಅತ್ತರು.

2020ರ ಫೆಬ್ರವರಿಯಲ್ಲಿ ಲಾರ್ಷ್ ಸಂಸ್ಥೆಯೇ ಮಾಡಿಸಿದ ತನಿಖೆಯ ವರದಿ ಹೊರಬಂತು. ಆಧ್ಯಾತ್ಮಿಕ ಮಾರ್ಗದರ್ಶನಕ್ಕೆಂದು ಬಂದ ಆರು ಮಹಿಳೆಯರನ್ನು ವನ್ಯೇ ಲೈಂಗಿಕವಾಗಿ ಬಳಸಿಕೊಂಡಿದ್ದರು. ಆ ಮಹಿಳೆಯರು ಅಂಗವಿಕಲರಾಗಿರಲಿಲ್ಲ; ಆದರೆ ನಂಬಿ ಬಂದವರಾಗಿದ್ದರು, ಮತ್ತು ಆ ನಂಬಿಕೆಯನ್ನೇ ದೇವರ ಮಾತಿನಲ್ಲಿ ಸುತ್ತಿ ಬಲೆಯಾಗಿಸಲಾಗಿತ್ತು. 2023ರ ಜನವರಿಯಲ್ಲಿ ಇತಿಹಾಸ, ಮನೋವಿಜ್ಞಾನ, ದೈವಶಾಸ್ತ್ರ ಬಲ್ಲವರ ಅಧ್ಯಯನ ಆಯೋಗ ಇನ್ನೂ ದೊಡ್ಡ ವರದಿ ಕೊಟ್ಟಿತು: 1952ರಿಂದ 2019ರವರೆಗೆ ಕಡಿಮೆಯೆಂದರೂ 25 ಮಹಿಳೆಯರು.

ಈ ಮನುಷ್ಯ ಆತ್ಮಪರೀಕ್ಷೆ ಮಾಡಿಕೊಳ್ಳದವರಲ್ಲ. ಮನುಷ್ಯನ ಗಾಯ, ಅಧಿಕಾರದ ಆಸೆ, ಒಂಟಿತನ ಇವುಗಳ ಮೇಲೆ ಪುಸ್ತಕದ ಮೇಲೆ ಪುಸ್ತಕ ಬರೆದವರು. ಅವರು ಆ ಮನೆಗಳಲ್ಲಿ ತೊಳೆದ ಪಾತ್ರೆ ಸುಳ್ಳಲ್ಲ, ಉಣಿಸಿದ ತುತ್ತು ಸುಳ್ಳಲ್ಲ. ಇಂದಿಗೂ ಆ ಮನೆಗಳಲ್ಲಿ ಅನೇಕರು ಮರ್ಯಾದೆಯಿಂದ ಬಾಳುತ್ತಿದ್ದಾರೆ. ಆದರೆ ಸೇವಕ ಎಂಬ ಕೀರ್ತಿಯೇ ಅವರ ಸುತ್ತ ಗೋಡೆಯಾಗಿ ನಿಂತಿತು. ಇಷ್ಟು ತಗ್ಗಿ ನಡೆಯುವವರನ್ನು ಪ್ರಶ್ನಿಸುವುದೇ ಪಾಪ ಎಂದು ಸುತ್ತಲಿನವರಿಗೆ ಅನ್ನಿಸಿತು. ದರ್ಪದಿಂದ ಆಳುವವರನ್ನು ಒಂದಲ್ಲ ಒಂದು ದಿನ ಯಾರಾದರೂ ತಡೆದು ಕೇಳುತ್ತಾರೆ. ಪಾದ ತೊಳೆಯುವವರನ್ನು ಕೇಳುವವರಿಲ್ಲ. ಆದ್ದರಿಂದ ಸೇವಕ ನಾಯಕನಿಗೆ ಹೆಚ್ಚಿನ ತಪಾಸಣೆ ಬೇಕು, ಕಡಿಮೆಯದ್ದಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ. ಮತ್ತೊಂದು ಮಾತನ್ನೂ ಸೇರಿಸಬೇಕು. ತನ್ನ ಸ್ಥಾಪಕನ ಹೆಸರನ್ನು ಉಳಿಸಿಕೊಳ್ಳುವ ಬದಲು ಆ ಮಹಿಳೆಯರ ಮಾತನ್ನು ನಂಬಿ, ಸತ್ಯವನ್ನು ತಾನೇ ಅಚ್ಚು ಹಾಕಿ ಹಂಚಿದ ಲಾರ್ಷ್, ನಾನು ಬಲ್ಲ ಅತ್ಯಂತ ಕಠಿಣವಾದ ಪ್ರೇರಣಾ ಪರೀಕ್ಷೆಯನ್ನು ಮಾಡಿತು. ಒಬ್ಬರು ಮಾಡಿಕೊಳ್ಳದೆ ಹೋದದ್ದನ್ನು ಸಮುದಾಯ ಮಾಡಿತು, ತಡವಾಗಿಯಾದರೂ.

ಬಾನ್‌ಹೋಫರ್ ಈ ಅಪಾಯವನ್ನು ಮುಂಚೆಯೇ ಕಂಡಿದ್ದರು. 1935ರಿಂದ 1937ರ ಸೆಪ್ಟೆಂಬರ್‌ನಲ್ಲಿ ಗೆಸ್ಟಾಪೊ ಬೀಗ ಹಾಕುವವರೆಗೆ, ಫಿಂಕನ್‌ವಾಲ್ಡ ಎಂಬಲ್ಲಿ ಅವರು ಕನ್‌ಫೆಸಿಂಗ್ ಚರ್ಚಿನ ತರುಣರಿಗೆ ಸೆಮಿನರಿಯನ್ನು ನಡೆಸಿದರು. ಅಲ್ಲಿನ ಒಂದು ನಿಯಮ ಹೀಗಿತ್ತು: ಇಲ್ಲದವರ ಬಗ್ಗೆ ಅವರ ಬೆನ್ನ ಹಿಂದೆ ಮಾತಾಡಬಾರದು, ಬಾಯಿತಪ್ಪಿ ಆಡಿದರೆ ಅವರಿಗೆ ಹೋಗಿ ಹೇಳಬೇಕು. ಪಾಠಗಳಿಂದ ಕಲಿತಷ್ಟನ್ನೇ ಹೆಚ್ಚುಕಡಿಮೆ ಇದೊಂದೇ ನಿಯಮದಿಂದಲೂ ಕಲಿತೆವು ಎಂದು ಆ ವಿದ್ಯಾರ್ಥಿಗಳು ಆಮೇಲೆ ನೆನೆದಿದ್ದಾರೆ. ಮತ್ತೊಂದು ಸಂಗತಿ: ಅಡಿಗೆಮನೆಗೆ ಕೈ ಬೇಕು ಎಂದು ಕರೆ ಬಂದಾಗ ಯಾರೂ ಏಳಲಿಲ್ಲವಂತೆ. ಬಾನ್‌ಹೋಫರ್ ತಾವೇ ಎದ್ದು ಹೋದರು. ನಾಚಿ ಹಿಂದೆ ಓಡಿಬಂದವರನ್ನು ಒಳಗೆ ಬಿಡಲಿಲ್ಲ.

ಈ ಕಥೆಯನ್ನು ನಾಯಕತ್ವದ ಆದರ್ಶವೆಂದು ಹೇಳುವವರಿದ್ದಾರೆ. ನನಗೆ ಅದರಲ್ಲಿ ಎರಡು ಎಳೆ ಕಾಣುತ್ತವೆ. ಒಂದು ನಿಜವಾದ ಸೇವೆ. ಇನ್ನೊಂದು, ಬಾಯಿಬಿಡದೆ ಹೊಡೆದ ಪೆಟ್ಟು. ಬಾಗಿಲು ಹಾಕಿಕೊಂಡು ಪಾತ್ರೆ ತೊಳೆಯುವ ಗುರು ಹೊರಗೆ ನಿಂತವರನ್ನು ಚಿಕ್ಕವರನ್ನಾಗಿ ಮಾಡುತ್ತಾರೆ. ಬಹುಶಃ ಅವರಿಗೂ ಇದು ಹೊಳೆದಿತ್ತು. ಯಾಕೆಂದರೆ ಆ ಸೆಮಿನರಿಯಲ್ಲಿ ಅವರು ಪಾಪನಿವೇದನೆಯನ್ನು ಒಬ್ಬ ಸಹೋದರನ ಮುಂದೆ ಮಾಡುವ ರೂಢಿಯನ್ನು ತಂದರು. ಪ್ರೊಟೆಸ್ಟೆಂಟ್ ತರುಣರಿಗೆ ಇದು ಹೊಸದು, ಮುಜುಗರದ್ದು, ಬಲವಂತವಿರಲಿಲ್ಲ. ಒಂದು ದಿನ ಬಾನ್‌ಹೋಫರ್ ತಮ್ಮ ವಿದ್ಯಾರ್ಥಿಗಳಲ್ಲೊಬ್ಬರನ್ನು, ಇಂಥದ್ದರಲ್ಲಿ ಏನೂ ಅನುಭವವಿಲ್ಲದ ಒಬ್ಬರನ್ನು ಕರೆದು, ನನ್ನ ನಿವೇದನೆಯನ್ನು ಕೇಳುತ್ತೀರಾ ಎಂದರು. ಗುರುವೇ ಶಿಷ್ಯನ ಮುಂದೆ ಒಳಗಿನದನ್ನು ತೆರೆದಿಟ್ಟರು. ನನ್ನ ಮಟ್ಟಿಗೆ ಫಿಂಕನ್‌ವಾಲ್ಡದ ಪಾದ ತೊಳೆಯುವಿಕೆ ಅದೇ, ಅಡಿಗೆಮನೆಯದ್ದಲ್ಲ.

ನಮ್ಮಲ್ಲಿ ಹೀಗೆ ಕೇಳಿಸಿಕೊಳ್ಳುವವರು ಯಾರು? ಸಭಾಪಾಲಕರು ಬಿಷಪ್‌ರಿಗೆ ಮನಸ್ಸು ತೆರೆಯಲಾರರು. ವರ್ಗಾವಣೆ ಆ ಕೈಯಲ್ಲಿದೆ. ಪಾಸ್ಟರೇಟ್ ಕಮಿಟಿಯ ಮುಂದೆ ಆಗದು. ಮನೆ ರಿಪೇರಿಯಿಂದ ಮಕ್ಕಳ ಫೀಸಿನವರೆಗೆ ಅವರ ಮುಖ ನೋಡಬೇಕು. ಮನೆಯವರ ಮೇಲೆ ಹಾಕಿದರೆ ಅವರಿಗೆ ಅದು ಹೊರಲಾಗದ ಭಾರ. ಬಿಷಪ್‌ರಿಗಂತೂ ಇನ್ನೂ ಕಷ್ಟ, ಅವರ ಸುತ್ತ ಇರುವವರೆಲ್ಲ ಏನನ್ನಾದರೂ ಬಯಸಿ ಬಂದವರು. ಆದ್ದರಿಂದ ನನ್ನ ಸಲಹೆ ಇದು: ನಿಮಗೆ ಅವರಿಂದ ಏನೂ ಆಗಬೇಕಾಗಿಲ್ಲದ, ಅವರಿಗೆ ನಿಮ್ಮಿಂದ ಏನೂ ಆಗಬೇಕಾಗಿಲ್ಲದ ಒಬ್ಬರನ್ನು ಹುಡುಕಿಕೊಳ್ಳಿ. ಬೇರೆ ಡಯಾಸಿಸ್‌ನ ನಿವೃತ್ತ ಅಯ್ಯನವರಾಗಲಿ, ಬೇರೆ ಸಭೆಯ ಹಿರಿಯ ಶಿಕ್ಷಕಿಯಾಗಲಿ, ಕಥೋಲಿಕ ಮಠದ ಸಿಸ್ಟರ್ ಆಗಲಿ. ತಿಂಗಳಿಗೊಮ್ಮೆ ಹೋಗಿ ಕುಳಿತು, ಈ ತಿಂಗಳು ಯಾವ ಕೆಲಸವನ್ನು ಯಾರು ನೋಡಲೆಂದು ಮಾಡಿದೆ, ಯಾರನ್ನು ಕಂಡು ಹೊಟ್ಟೆ ಉರಿಯಿತು, ಯಾರ ಕಷ್ಟಕ್ಕೆ ಕೈ ಹಾಕಿ ನನ್ನನ್ನು ನಾನು ದೊಡ್ಡವನನ್ನಾಗಿ ಮಾಡಿಕೊಂಡೆ ಎಂದು ಹೇಳಿ. ಅವರು ಉಪದೇಶ ಮಾಡಬೇಕಾಗಿಲ್ಲ. ನಡುವೆ ಒಂದೆರಡು ಪ್ರಶ್ನೆ ಕೇಳಿದರೆ ಸಾಕು. ಅದು ಅಲ್ಲೇ ಉಳಿಯಬೇಕು. ಆದರೆ ಯಾರಿಗಾದರೂ ಕೇಡು ಮಾಡಿದ್ದು ಹೊರಬಂದರೆ ಅದನ್ನು ಗುಟ್ಟಾಗಿ ಇಡಲಾಗದು ಎಂಬ ಕರಾರು ಮೊದಲೇ ಆಗಿರಬೇಕು. ವನ್ಯೇ ಅವರ ಸುತ್ತ ಇದ್ದದ್ದು ಗುಟ್ಟು ಕಾಯುವವರು, ಕರಾರು ಹಾಕುವವರಲ್ಲ.

ಇದರ ಜೊತೆಗೆ ಲೆಕ್ಕದ ಪುಸ್ತಕವನ್ನು ಇಬ್ಬರು ನೋಡಬೇಕು, ಹೆಣ್ಣುಮಕ್ಕಳ ದೂರನ್ನು ಸಭೆಯ ಹೊರಗಿನವರು ಕೇಳಬೇಕು, ಅಯ್ಯನವರು ನಿಮ್ಮನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂದು ಗಂಟೆ ಬಾರಿಸಿ ಕಸ ಗುಡಿಸುವವರನ್ನು ವರ್ಷಕ್ಕೊಮ್ಮೆಯಾದರೂ ಯಾರಾದರೂ ಕೇಳಬೇಕು. ಆಡಳಿತದ ಕೆಲಸ ಎಂದು ಇವನ್ನು ದೂರವಿಡಬೇಡಿ; ನಮ್ಮ ಕಣ್ಣಿಗೆ ಕಾಣದ ನಮ್ಮ ಉದ್ದೇಶ ಇಲ್ಲೆಲ್ಲ ಬೇರೆಯವರ ಕಣ್ಣಿಗೆ ಕಾಣುತ್ತದೆ.

ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುವ ಕೆಲವರು ಈ ವರ್ಷ ದೀಕ್ಷೆ ಪಡೆಯುವವರಿದ್ದೀರಿ. ನನ್ನ ಕರೆ ನಿಜವೇ, ನನ್ನ ಮನಸ್ಸು ಶುದ್ಧವೇ ಎಂಬ ಪ್ರಶ್ನೆ ನಿಮ್ಮನ್ನು ರಾತ್ರಿ ಎಬ್ಬಿಸುತ್ತಿರಬಹುದು. ಅದಕ್ಕೆ ಉತ್ತರ ಸಿಕ್ಕಲಿಲ್ಲವೆಂದು ದೀಕ್ಷೆಯಿಂದ ಹಿಂದೆ ಸರಿಯಬೇಡಿ. ದೀಕ್ಷೆಗೆ ಮುಂಚೆ ಆ ಒಬ್ಬರನ್ನು ಹುಡುಕಿ, ಅವರ ಮನೆಗೆ ಹೋಗಿ, ಒಪ್ಪಿಗೆ ಕೇಳಿ, ಮೊದಲ ಭೇಟಿಯ ದಿನವನ್ನು ಗೊತ್ತುಮಾಡಿಕೊಂಡು ಬನ್ನಿ.